ಬಾಲದಕ್ಕನ ಕಿವಿ

ದೊಡ್ಡಮ್ಮ ಫೋಟೋವನ್ನು ಮತ್ತೆ ಗೋಡೆಯ ಕಡೆ ತಿರುಗಿಸಿಟ್ಟರು. ತಂಗಿಯ ಮಗಳು ಅದನ್ನು ಮತ್ತೆ ಜನರ ಕಡೆ ತಿರುಗಿಸಿದಳು.

"ಹೊಟ್ಟೆ ಕಾಣ್ತಿದೆ ಕಣೇ," ಎಂದು ದೊಡ್ಡಮ್ಮ ಪಿಸುಗುಟ್ಟಿದರು.

"ಅದು ಹೊಟ್ಟೆ ಅಲ್ಲ ದೊಡ್ಡಮ್ಮ, ಮೈಬಣ್ಣದ ಬಟ್ಟೆ. ಅಮ್ಮಾನೇ ಹೊಲಿದಿದ್ದು."

"ನನಗೆ ಗೊತ್ತು, ನಿನಗೆ ಗೊತ್ತು. ಬಂದವರಿಗೆ ಗೊತ್ತಾಗತ್ತಾ?"

ಫೋಟೋದಲ್ಲಿ ಇಪ್ಪತ್ತೈದರ ಹುಡುಗಿಯೊಬ್ಬಳು ಗಾಜಿನ ತೊಟ್ಟಿಯ ಅಂಚಿನ ಮೇಲೆ ಕೂತು ಬನ್ನು ತಿನ್ನುತ್ತಿದ್ದಳು. ಸೊಂಟದಿಂದ ಕೆಳಕ್ಕೆ ಹಸಿರು ಮೀನಿನ ಬಾಲ. ಒಂದು ಕೆನ್ನೆ ಉಬ್ಬಿತ್ತು. ಅದೇ ಹುಡುಗಿ ಅರವತ್ತೆಂಟು ತುಂಬಿದ ಮೇಲೆ ಮೊನ್ನೆ ಸಂಜೆ, ಟೀ ಆರಲಿ ಎಂದು ಕಾಯುತ್ತ ಕೂತಲ್ಲೇ ಹೋಗಿಬಿಟ್ಟಿದ್ದಳು. ಈಗ ಚಿತಾಗಾರದ ಪಕ್ಕದ ಹಾಲ್‌ನಲ್ಲಿ, ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಒಳಗಿನ ಸರದಿ ಬರುವವರೆಗೆ ಒಂದಿಷ್ಟು ಹೊತ್ತು ಇತ್ತು. ಅಷ್ಟರಲ್ಲಿ ಯಾರಾದರೂ ನಾಲ್ಕು ಮಾತು ಆಡಬೇಕಿತ್ತು.

ಆಡುವವರು ಯಾರೆಂದು ದೊಡ್ಡಮ್ಮ ಆಗಲೇ ಗೊತ್ತುಮಾಡಿದ್ದರು: ಮೈಕ್ ಮಾವ. ಮನರಂಜನಾ ಪಾರ್ಕಿನ ಮತ್ಸ್ಯಕನ್ಯೆಯರ ಆಟಕ್ಕೆ ಹೊರಗೆ ನಿಂತು ಕತೆ ಹೇಳುತ್ತಿದ್ದವರು. ಎಂಬತ್ತು ಹತ್ತಿರವಾಗಿದ್ದರೂ ದನಿ ಕಂಚಿನ ಹಾಗಿತ್ತು. ಹಾಲ್‌ನವರು ಕೊಟ್ಟ ಮೈಕನ್ನು ಅವರು ಬಾಗಿಲ ಬಳಿ ನಿಂತು ಊದಿ ನೋಡುತ್ತಿದ್ದರು. ಮಗಳು ಅಲ್ಲಿಗೇ ಹೋದಳು.

"ಮಾವ, ಕಿವಿ ವಿಷಯ ಹೇಳ್ತೀರಲ್ವಾ?"

ಮೈಕ್ ಮಾವನ ಮುಖ ಗಂಟಿಕ್ಕಿತು. ಸಾವಿನ ಹೊತ್ತಲ್ಲಿ ಕಿವಿ ಸೋರುವ ಮಾತು ಚೆನ್ನಾಗಿರುವುದಿಲ್ಲ, ಬಂದವರ ಕಣ್ಣಲ್ಲಿ ನೀರು ಬರಬೇಕು ಎಂದರು. ಅಮ್ಮನಿಗೆ ತಾನು ಮಾತು ಕೊಟ್ಟಿದ್ದೇನೆ ಎಂದಳು ಮಗಳು. ನೋಡೋಣ ಎಂದರು ಮಾವ. ಆ 'ನೋಡೋಣ'ವನ್ನು ಅವಳ ತಾಯಿ ಅವರ ಬಾಯಿಂದ ನಲವತ್ತು ವರ್ಷ ಕೇಳಿದ್ದಳು.

*

ಆ ಆಟದ ಕತೆಯನ್ನು ಬರೆದವರೂ ಮೈಕ್ ಮಾವನೇ. ಕಡಲಾಳದ ಮತ್ಸ್ಯಕನ್ಯೆಗೆ ಒಬ್ಬ ರಾಜಕುಮಾರನ ಮೇಲೆ ಮನಸ್ಸಾಗುತ್ತದೆ. ತಾನು ಆಡಬೇಕಾದ ಒಂದೊಂದು ಮಾತನ್ನೂ ಮುತ್ತು ಮಾಡಿ ಅವನಿಗೆ ಕೊಡುತ್ತಾಳೆ. ಕೊನೆಗೆ ಮಾತೆಲ್ಲ ಮುಗಿದು ಮೂಕಿಯಾಗಿ ಕಾಯುತ್ತಾ ಕೂರುತ್ತಾಳೆ. ರಾಜಕುಮಾರ ಎಂದರೆ ತೊಟ್ಟಿಯ ತಳದಲ್ಲಿ ನಿಲ್ಲಿಸಿದ್ದ ಸಿಮೆಂಟಿನ ಬೊಂಬೆ.

ಎರಡು ಕಾಲನ್ನೂ ಒಂದೇ ಬಾಲದೊಳಗೆ ತುರುಕಿಕೊಂಡು, ಗಾಳಿಯ ಪೈಪಿನಿಂದ ಒಂದು ಗುಟುಕು ಉಸಿರು ಎಳೆದುಕೊಂಡು, ಫೋಟೋದ ಹುಡುಗಿ ದಿನವೂ ಆ ಬೊಂಬೆಯ ಪಾದದ ಬಳಿ ಕೂತು ಅಳಬೇಕಿತ್ತು. ನೀರೊಳಗೆ ಅತ್ತರೆ ಯಾರಿಗೆ ತಿಳಿಯುತ್ತದೆ ಎಂದು ಅವಳು ಕೇಳಿದ್ದುಂಟು. ಭುಜ ಅಲ್ಲಾಡಿಸು ಎಂದಿದ್ದರು ಮಾವ.

ಒಂದು ಭಾನುವಾರ ಮೈಕಿನಲ್ಲಿ "ಅವಳ ಕಣ್ಣೀರಿಗೆ ಕಡಲೇ ಉಪ್ಪಾಯಿತು" ಎಂಬ ಸಾಲು ಬರುವ ಹೊತ್ತಿಗೆ ಅವಳು ಸೊಂಟದಿಂದ ತೆಂಗಿನ ನಾರು ತೆಗೆದು ರಾಜಕುಮಾರನ ಮೂಗು ಉಜ್ಜತೊಡಗಿದಳು. ಮೂಗಿನ ಮೇಲೆ ತಿಂಗಳ ಪಾಚಿ ಕಟ್ಟಿತ್ತು. ಆಮೇಲೆ ಗಲ್ಲ ಹಿಡಿದು, ಮುಖವನ್ನು ಅತ್ತಿತ್ತ ನೋಡಿ, ಕಿವಿಯ ಸಂದಿಯನ್ನೂ ಬಿಡದೆ ತಿಕ್ಕಿದಳು. ಗಾಜಿನ ಈಚೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಪಾರ್ಕಿನ ಯಜಮಾನ ಕೆಂಡಾಮಂಡಲವಾದ. ಮುಂದಿನ ವಾರ ಟಿಕೆಟಿನ ಕಿಟಕಿಯಲ್ಲಿ ಮೂಗು ಉಜ್ಜುವುದು ಯಾವ ಆಟದಲ್ಲಿ ಎಂದು ಜನ ಕೇಳಲು ಶುರುಮಾಡಿದ ಮೇಲೆ ತಣ್ಣಗಾದ.

ಮೈಕ್ ಮಾವ ಮಾತ್ರ ತಮ್ಮ ಕತೆಯಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ. ಹೊರಗೆ ಕಣ್ಣೀರು, ಒಳಗೆ ತೆಂಗಿನ ನಾರು, ಹೀಗೇ ವರ್ಷಗಳು ನಡೆದವು.

"ಅಷ್ಟು ಮುತ್ತು ಇಸ್ಕೊಂಡವನು ತಿರುಗಿ ಒಂದು ಮಾತಾದರೂ ಆಡಬೇಕಲ್ವಾ?" ಎಂದು ಅವಳು ಒಮ್ಮೆ ಮಾವನನ್ನು ಕೇಳಿದಳು. "ಅವನಿಗೇನು ಬಂದಿತ್ತು ರೋಗ?"

*

ಹಾಲ್‌ನ ಮುಂದಿನ ಸಾಲಿನಲ್ಲಿ ಅಪ್ಪ ಕೂತಿದ್ದರು. ತೊಟ್ಟಿಯ ಪಂಪು ನೋಡಿಕೊಳ್ಳುತ್ತಿದ್ದ ಮನುಷ್ಯ. ಈಗಲೂ ಎಲ್ಲಿ ಹೋದರೂ ಫ್ಯಾನಿನ ಸದ್ದು ಸರಿಯಿದೆಯೇ ಎಂದು ಮೊದಲು ಕೇಳಿಸಿಕೊಳ್ಳುವವರು. ಅವರ ಹಿಂದೆ ಪಾರ್ಕಿನ ಈಜುಗಾರ್ತಿಯರು. ನಿವೃತ್ತರಾದವರು ಸೀರೆಯಲ್ಲಿ, ಕೆಲಸದಲ್ಲಿದ್ದವರು ಇನ್ನೂ ಒಣಗದ ತಲೆಯಲ್ಲಿ. ಗುಂಗುರು ಕೂದಲಿನ ಹಿರಿಯಾಕೆ ಮೂಗು ಒರೆಸಿಕೊಳ್ಳುತ್ತಿದ್ದಳು.

ದೊಡ್ಡಮ್ಮ ಪಕ್ಕದವರಿಗೆ ಹೇಳುತ್ತಿದ್ದುದು ಮಗಳಿಗೆ ಕೇಳಿಸಿತು. ತಂಗಿ ಮದುವೆಯಾದ ತಿಂಗಳೇ ನೀರಿಗಿಳಿಯುವುದನ್ನು ಬಿಟ್ಟಳಂತೆ, ಗಂಡನಿಗೋಸ್ಕರ ಎಲ್ಲ ಬಿಟ್ಟಳಂತೆ, ಈ ಕಾಲದಲ್ಲಿ ಯಾರು ಬಿಡುತ್ತಾರೆ. ಪಕ್ಕದವರು ತಲೆಯಾಡಿಸಿದರು.

*

ಮದುವೆಯಾದ ತಿಂಗಳೇ ಬಿಟ್ಟದ್ದು ನಿಜ. ಆ ತಿಂಗಳಲ್ಲಿ ಅವಳ ಎಡಗಿವಿಯ ತಮಟೆ ಹರಿದಿತ್ತು. ಇನ್ನು ನೀರಿಗಿಳಿದರೆ ಕಿವಿ ಪೂರ್ತಿ ಹೋಗುತ್ತದೆ ಎಂದರು ಡಾಕ್ಟರು. ಬಿಡುವ ದಿನ ಅವಳು ಕಿವಿಗೆ ಹತ್ತಿ ಇಟ್ಟುಕೊಂಡು, ಕೊನೆಯ ಸಲ ಬಾಲ ತೊಟ್ಟು, ತೊಟ್ಟಿಯ ಅಂಚಿನಲ್ಲಿ ಕೂತು ಕೈಬೀಸಿದಳು. ಕೆಳಗೆ ಮೈಕ್ ಮಾವ ಜನರಿಗೆ ಹೇಳಿದರು: ನಮ್ಮ ಮತ್ಸ್ಯಕನ್ಯೆ ತನ್ನ ರಾಜಕುಮಾರನಿಗಾಗಿ ನೀರನ್ನು ತ್ಯಜಿಸಿ ನೆಲಕ್ಕೆ ಬರುತ್ತಿದ್ದಾಳೆ. ಹತ್ತಿಯ ದೆಸೆಯಿಂದ ಅವಳಿಗೆ ಬರೀ ಚಪ್ಪಾಳೆ ಕೇಳಿಸಿತು. ಇನ್ನಷ್ಟು ಜೋರಾಗಿ ಕೈಬೀಸಿದಳು.

ಸಂಜೆ ಗಂಡ "ರಾಜಕುಮಾರ ಬಂದಿದ್ದೀನಿ, ಊಟ ಇದೆಯಾ?" ಎಂದಾಗಲೇ ವಿಷಯ ಗೊತ್ತಾದದ್ದು.

"ಕಿವಿ ಹೋಗಿದ್ದು ನಂದು," ಎಂದಳು ಅವಳು. "ಹೆಸರು ಬಂದಿದ್ದು ನಿಮಗೆ."

ಮರುದಿನವೇ ಅವಳು ಪಾರ್ಕಿಗೆ ವಾಪಸ್ಸು ಹೋದಳು, ಬಾಲ ಹೊಲಿಯುವ ಕೋಣೆಗೆ. ಮುಂದೆ ಮೂವತ್ತು ವರ್ಷ ಅಲ್ಲೇ ಕೂತು ರಬ್ಬರು ಬಟ್ಟೆಗೆ ಪೊರೆ ಪೊರೆಯಾಗಿ ಹೊಲಿಗೆ ಹಾಕಿದಳು. ಎಲ್ಲರೂ ಬಾಲದಕ್ಕ ಎಂದು ಕರೆದದ್ದು ಆಮೇಲೆಯೇ. ಮೈಕ್ ಮಾವ ಸಿಕ್ಕಾಗಲೆಲ್ಲ, ಆವತ್ತು ಹೇಳಿದ್ದನ್ನು ಒಂದು ಸಲ ಮೈಕಿನಲ್ಲೇ ತಿದ್ದಿ ಎನ್ನುತ್ತಿದ್ದಳು. ಸಿಟ್ಟಿನಿಂದಲ್ಲ, ಅಳತೆ ತಪ್ಪಿದ ಬಟ್ಟೆಯನ್ನು ವಾಪಸ್ಸು ಕೊಡುವವಳ ಹಾಗೆ. ಕಳೆದ ವರ್ಷ ಮಗಳಿಗೂ ಹೇಳಿಟ್ಟಿದ್ದಳು: ನಾನು ಹೋದಾಗ ಅವರು ಮಾತಾಡೇ ಆಡ್ತಾರೆ, ನೀನು ಎದುರಿಗಿರು.

*

ಮೈಕ್ ಮಾವ ಮಾತು ಶುರುಮಾಡಿದರು. ಬಾಲ್ಯ ಹೇಳಿದರು, ಈಜು ಹೇಳಿದರು, ದನಿ ಏರುತ್ತಾ ಇಳಿಯುತ್ತಾ ಸರಿಯಾದ ಜಾಗಕ್ಕೆ ಬಂದು ನಿಂತಿತು. "ಆಮೇಲೆ ಒಂದು ದಿನ," ಎಂದರು, "ಆಕೆ ತನ್ನ ರಾಜಕುಮಾರನಿಗಾಗಿ ನೀರನ್ನು..."

ಮಗಳು ಎದ್ದು ನಿಂತಳು.

"ಮಾವ, ಅಮ್ಮ ಬಿಟ್ಟಿದ್ದು ಅಪ್ಪನಿಗೋಸ್ಕರ ಅಲ್ಲ. ಕಿವಿ ತಮಟೆ ಹರಿದುಹೋಗಿತ್ತು."

ದೊಡ್ಡಮ್ಮ ಅವಳ ಸೆರಗು ಹಿಡಿದು ಎಳೆದರು. ಮೈಕ್ ಮಾವ, ಈಗಲಾದರೂ ತಮ್ಮ ಕೈಹಿಡಿಯಲಿ ಎಂಬಂತೆ ಅಪ್ಪನ ಕಡೆ ನೋಡಿದರು.

ಅಪ್ಪ ಕೂತಲ್ಲಿಂದಲೇ ಹೇಳಿದರು: "ನನಗೋಸ್ಕರ ಅವಳು ಏನೂ ಬಿಡ್ಲಿಲ್ಲಪ್ಪ. ಅವಳಿಗೋಸ್ಕರ ನಾನು ಸಿಗರೇಟು ಬಿಟ್ಟೆ. ಅದೂ ಮೂರು ಸಲ."

ಈಜುಗಾರ್ತಿಯರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಸಾಲುದ್ದಕ್ಕೂ ಹಬ್ಬಿತು. ಅಪ್ಪನೂ ನಕ್ಕು, ಕಣ್ಣೊರೆಸಿಕೊಂಡರು.

ಮೈಕ್ ಮಾವನ ಕತೆಯಲ್ಲಿ ಇದರ ಮುಂದಿನ ಸಾಲು ಇರಲಿಲ್ಲ. ಫೋಟೋದ ಕಡೆ ನೋಡಿದರು, ಬಿಳಿ ಬಟ್ಟೆಯ ಕಡೆ ನೋಡಿದರು. ಕೊನೆಗೆ ಕಂಚು ಕಳಚಿದ ದನಿಯಲ್ಲಿ, "ಕಿವಿಯ ತಮಟೆ ಹರಿದಿತ್ತು. ಅದಕ್ಕೇ ಬಿಟ್ಟಳು," ಎಂದರು. "ಆಮೇಲೇನಾಯ್ತು ಅಂತ ನನಗೆ ಗೊತ್ತಿಲ್ಲ. ನಾನು ಗಾಜಿನ ಈಚೆ ಇದ್ದವನು." ಮೈಕನ್ನು ಗುಂಗುರು ಕೂದಲಿನಾಕೆಯ ಕೈಗೆ ಕೊಟ್ಟರು.

ಆಕೆ ಅದನ್ನು ಬಿಸಿ ಪಾತ್ರೆಯ ಹಾಗೆ ಹಿಡಿದುಕೊಂಡಳು. ಇಪ್ಪತ್ತೆರಡು ವರ್ಷ ಮೈಕಿನ ಸದ್ದಿಗೆ ತಕ್ಕಂತೆ ಬಾಲ ಆಡಿಸಿದ್ದವಳು, ಕೈಯಲ್ಲಿ ಹಿಡಿದದ್ದು ಇದೇ ಮೊದಲು.

"ನಮ್ಮ ಬಾಲಕ್ಕೆ ಜೇಬು ಇಟ್ಟಿದ್ದು ಇವಳು," ಎಂದಳು. ತನ್ನ ದನಿ ಗೋಡೆಗೆ ಬಡಿದು ತಿರುಗಿ ಬಂದದ್ದಕ್ಕೆ ಬೆಚ್ಚಿ, ಮತ್ತೆ ಮೆಲ್ಲಗೆ ಹೇಳಿದಳು: "ಒಳಜೇಬು. ಪೆಪ್ಪರಮಿಂಟು ಇಟ್ಕೊಳ್ಳೋಕೆ. ಯಜಮಾನರಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ."

ಪಕ್ಕದವಳು, ತಾನು ಬಸುರಿಯಾದಾಗ ಬಾಲದಕ್ಕ ಬಾಲದ ಸೊಂಟ ಬಿಚ್ಚಿ ಬಿಚ್ಚಿ ಹೊಲಿದುಕೊಟ್ಟದ್ದನ್ನು ಹೇಳಲು ಮೈಕು ಕಸಿದುಕೊಂಡಳು. ಅವಳ ಮಾತು ಮುಗಿಯುವ ಮೊದಲೇ ಒದ್ದೆ ತಲೆಯ ಹುಡುಗಿ ಕೈಚಾಚಿದಳು. ವೈರು ಎರಡನೆಯ ಸಾಲಿಗೇ ಮುಗಿದುಹೋಗಿತ್ತು. ಹಿಂದಿನವರು ಕುರ್ಚಿ ಎತ್ತಿಕೊಂಡು ಮುಂದೆ ಬಂದರು. ಅವರ ಹಿಂದಿನವರೂ ಬಂದರು. ಎಲ್ಲರಿಗಿಂತ ಕೊನೆಯಲ್ಲಿ ದೊಡ್ಡಮ್ಮ, ತಂಗಿ ಬಾವಿಗೆ ಹಾರಿ ಈಜು ಕಲಿತದ್ದನ್ನು ಇವರ್‍ಯಾರೂ ನೋಡಿಲ್ಲ ಎಂದು ಗೊಣಗುತ್ತ, ತಮ್ಮ ಕುರ್ಚಿಯನ್ನು ಕಿರ್ರೆಂದು ಎಳೆದುಕೊಂಡು ಗುಂಪಿನೊಳಗೆ ತೂರಿಸಿದರು. ಮೈಕ್ ಮಾವ ನೆಲದ ಮೇಲೆ ಮಂಡಿಯೂರಿ, ಕುರ್ಚಿಗಳ ಕಾಲಿಗೆ ಸಿಕ್ಕಿಕೊಂಡ ವೈರನ್ನು ಬಿಡಿಸಿ ಬಿಡಿಸಿ ಅವರ ಕಡೆಗೆ ಸಡಿಲಿಸಿ ಕೊಡುತ್ತಿದ್ದರು.