ಅರವತ್ತಕ್ಕೆ ಕಟ್ಟಿಹಾಕಿದ ಪರದೆ

ನಾನೊಂದು ಮಾನಿಟರ್. ಎಲ್ಲಿ ಹುಟ್ಟಿದೆ ಎಂಬುದು ಬೆನ್ನ ಮೇಲಿನ ಚೀಟಿಯಲ್ಲಿದೆಯಂತೆ. ನನ್ನ ಬೆನ್ನು ನನಗೆ ಕಾಣುವುದಿಲ್ಲ. ಸಾಧಾರಣ ಮಾನಿಟರುಗಳು ಸೆಕೆಂಡಿಗೆ ಅರವತ್ತು ಸಲ ಚಿತ್ರವನ್ನು ಹೊಸದಾಗಿ ಬರೆಯುತ್ತವೆ. ನಾನು ನೂರಾ ನಲವತ್ನಾಲ್ಕು ಸಲ. ನನ್ನ ವೇಗಕ್ಕೆ ಪೆಟ್ಟಿಗೆಯೊಳಗಿನ ಥರ್ಮಾಕೋಲು ಕೂಡ ಬೆವರುತ್ತಿತ್ತು. ನಂಬದಿದ್ದರೆ ಬಿಡಿ.

ಗದಗಿನ ಚನ್ನವೀರ ತನ್ನ ಗೇಮಿಂಗ್ ಸೆಂಟರಿನ ಏಳನೇ ಸೀಟಿನಲ್ಲಿ ನನ್ನನ್ನು ಕೂರಿಸಿದ. ಪರದೆಯ ನಟ್ಟನಡುವೆ ಮೂರು ಬೆರಳಿನ ವಿಭೂತಿ ಎಳೆದ. ಒರೆಸಲು ಯಾರಿಗೂ ಧೈರ್ಯ ಬರಲಿಲ್ಲ. ಮೂರು ದಿನ ಎಲ್ಲರೂ ವಿಭೂತಿಯ ಸಂದಿಯಲ್ಲಿ ಸಿಕ್ಕ ಶತ್ರುಗಳನ್ನಷ್ಟೇ ಕೊಂದರು.

ಮಹಡಿಯ ಮೇಲೆ ವೆಂಕೋಬ ಮಾಸ್ತರ ಹಾರ್ಮೋನಿಯಂ ಕ್ಲಾಸು. ನನಗೆ ಚಿತ್ರ ಕಳಿಸುವ ಕಂಪ್ಯೂಟರ್ ಡಬ್ಬಿ ಇದೆಯಲ್ಲ, ಪೂರ್ತಿ ವೇಗದಲ್ಲಿ ದುಡಿದರೆ ಅದರ ಫ್ಯಾನು ಊಳಿಡುತ್ತದೆ. ಎರಡನೇ ವಾರ ಮಾಸ್ತರು ಕೆಳಗಿಳಿದು ಬಂದರು.

"ಚನ್ನವೀರಾ, ನಿನ್ನ ಯಂತ್ರ ಅಪಸ್ವರ ಹಾಡಾಕತ್ತೈತಿ. ನನ್ನ ಶಿಷ್ಯರು ನನ್ನ ಬಿಟ್ಟು ಅದರ ಹಿಂದ ಹೊಂಟಾರ!"

ಅವರು ಮೆಟ್ಟಿಲು ಹತ್ತಿದ ಮೇಲೆ ಚನ್ನವೀರ ಸೆಟ್ಟಿಂಗಿಗೆ ಹೋಗಿ, ಸೆಕೆಂಡಿಗೆ ಅರವತ್ತಕ್ಕಿಂತ ಹೆಚ್ಚು ಚಿತ್ರ ಕಳಿಸಕೂಡದೆಂದು ಡಬ್ಬಿಗೆ ಮಿತಿ ಹಾಕಿದ. ಫ್ಯಾನು ಸುಮ್ಮನಾಯಿತು. ಚನ್ನವೀರನೂ ಸುಮ್ಮನಾದ. ಬಾಗಿಲ ಬೋರ್ಡು ಮಾತ್ರ '೧೪೪' ಎಂದು ಕೂಗುತ್ತಲೇ ಇತ್ತು.

ಅಂದಿನಿಂದ ನನ್ನದು ಅರವತ್ತು ರೊಟ್ಟಿಯನ್ನು ನೂರಾ ನಲವತ್ನಾಲ್ಕು ತಾಟಿಗೆ ಬಡಿಸುವ ಬಾಳು. ತೋರಿಸಿದ ಚಿತ್ರವನ್ನೇ ಎರಡು ಸಲ, ಮೂರು ಸಲ ತೋರಿಸುತ್ತಿದ್ದೆ. ಬಂದವರು, "ಏನ್ ಸ್ಮೂತ್ ಐತಲೇ!" ಎಂದು ಹೊಗಳುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ.

ಹೊಗಳದವಳು ಸುವರ್ಣಾ ಒಬ್ಬಳೇ. ಅವಳಿಗೆ ಸೀರೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸ. ಹುಬ್ಬಳ್ಳಿಯ ಪಂದ್ಯಕ್ಕೆ ಹೋಗುವ ಐವರ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅದಕ್ಕಾಗಿ ಅವಳಿಗೂ ಪ್ರಜ್ವಲನಿಗೂ ಮೂರು ಆಟ. ಮೊದಲನೆಯದನ್ನು ಅವಳು ನನ್ನ ಮುಂದೆಯೇ ಕೂತು ಗೆದ್ದಳು. ಎರಡನೆಯದನ್ನು, ತನ್ನದೇ ಲ್ಯಾಪ್‌ಟಾಪಿನಲ್ಲಿ ಆಡುತ್ತಿದ್ದ ಅವನು ಗೆದ್ದ.

"ನಾನ ಮೊದಲ ಹೊಡೀತೀನಿ, ನಾನ ಮೊದಲ ಸಾಯ್ತೀನಿ. ಹೆಂಗಿದು?" ಎಂದಳು ಸುವರ್ಣಾ.

"ಅಕ್ಕಾ, ನಿನ್ನ ಕೈ ಸೀರಿ ಮಡಚಾಕ ಸರಿ ಅದಾವ ಬಿಡು," ಎಂದ ಪ್ರಜ್ವಲ.

ಅವಳು ನಗಲಿಲ್ಲ. ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡಳು. ಮೂರನೆಯದನ್ನು ಸೋತರೆ ಇನ್ನು ಮೌಸ್ ಮುಟ್ಟುವುದಿಲ್ಲ ಎಂದಳು. ನನಗೆ ಬಾಯಿ ಇದ್ದಿದ್ದರೆ ಚನ್ನವೀರನ ಹೆಸರು ಹೇಳುತ್ತಿದ್ದೆ.

ಭಾನುವಾರ ನಾಲ್ಕಕ್ಕೆ ಕೊನೆಯ ಆಟ. ಮಧ್ಯಾಹ್ನ ಅವಳ ಅಪ್ಪ ಫಕೀರಪ್ಪ ಊಟ ತಂದ. ಬಸ್ ಡ್ರೈವರು, ಖಾಕಿ ಅಂಗಿ ಮೈಮೇಲೇ ಇತ್ತು. ಮಗಳು ಅಭ್ಯಾಸ ಮಾಡುತ್ತಿದ್ದಳು. ಅನುಮಾನ ಬಂದು ಅವತ್ತೇ ಮೊದಲ ಸಲ ಪರದೆಯ ಮೂಲೆಯಲ್ಲಿ ಲೆಕ್ಕದ ಅಂಕಿ ಹಾಕಿಕೊಂಡಿದ್ದಳು.

"ಮೂಲ್ಯಾಗ ಅದೇನವಾ, ಅರವತ್ತ?"

"ಸೆಕೆಂಡಿಗೆ ಎಷ್ಟ ಚಿತ್ರ ಬರ್ತಾವ ಅಂತಪ್ಪಾ. ಡಬ್ಬಿ ಮುದಿ ಆಗೈತಿ ಕಾಣ್ತೈತಿ."

ಫಕೀರಪ್ಪ ದಿಟ್ಟಿಸಿದ. ಬಾಂಬು ಹೊಗೆ ಎಲ್ಲ ಎದ್ದಾಗ ಅರವತ್ತು. ಖಾಲಿ ಗೋಡೆಯ ಮುಂದೆ ನಿಂತಾಗಲೂ ಅರವತ್ತು.

"ಮುದಿ ಇಂಜಿನ್ ಏರಿನ್ಯಾಗ ತೇಕತೈತಿ, ಇಳಿಜಾರಿನ್ಯಾಗ ಓಡತೈತಿ. ಇದು ಎಲ್ಲಿದ್ರೂ ಅರವತ್ತ! ನಮ್ಮ ಬಸ್ಸಿಗೂ ಹಿಂಗ ಮಾಡ್ಯಾರ, ಎಷ್ಟ ಒತ್ತಿದ್ರೂ ಅರವತ್ತ ದಾಟಂಗಿಲ್ಲ. ಏ ಚನ್ನವೀರಾ, ಇದಕ್ಕ ಸ್ಪೀಡ್ ಗವರ್ನರ್ ಕೂಡಿಸಿದಾಂವ ಯಾರೋ?"

ಚನ್ನವೀರ ಮೇಲೆ ನೋಡಿದ. "ಮಾಸ್ತರು..." ಎಂದ.

ಫಕೀರಪ್ಪ ದಡದಡ ಮಹಡಿ ಹತ್ತಿದ. ಮಾಸ್ತರ ದನಿ ಕೆಳಗೆ ಕೇಳಿತು: "ಮಗಳ ಮರ್ಯಾದಿ ಪ್ರಶ್ನೆ ಅಂದ್ರ ಒಂದ ತಾಸು ಊಳಿಡ್ಲಿ ಬಿಡಪಾ. ಅದು ಯಾವ ಸ್ವರ ಹಿಡೀತೈತೋ, ಇವತ್ತ ಅದ ಸ್ವರಕ್ಕ ಪಾಠ."

ನಾಲ್ಕಕ್ಕೆ ಮಿತಿ ತೆಗೆದರು. ಫ್ಯಾನು ಶ್ರುತಿ ಕೊಟ್ಟಿತು, ಮೇಲೆ ಇಪ್ಪತ್ತು ಗಂಟಲುಗಳು 'ಸಾ' ಎಂದವು. ನನಗೆ ಸೆಕೆಂಡಿಗೆ ನೂರಾ ನಲವತ್ನಾಲ್ಕು ಬಿಸಿಬಿಸಿ ರೊಟ್ಟಿ! ಆಟದಲ್ಲಿ ಬಾಗಿಲ ಸಂದಿಯಿಂದ ಇಣುಕುವುದು ಪ್ರಜ್ವಲನ ಚಟ. ಮೊದಲೆಲ್ಲ ಅವನು ಅರ್ಧ ಹೊರಬಂದ ಮೇಲೆ ನನಗೆ ಸುದ್ದಿ ಬರುತ್ತಿತ್ತು. ಇವತ್ತು ಭುಜದ ಅಂಚು ಕಂಡದ್ದೇ ತೋರಿಸಿದೆ. ಸುವರ್ಣಾ ಹೊಡೆದಳು. ಮತ್ತೆ ಹೊಡೆದಳು. ಆಟ ಮುಗಿಯಿತು.

"ಈ ಕೈ ಸೀರಿ ಮಡಚಾಕೂ ಸರಿ ಅದಾವ, ತಮ್ಮಾ," ಎಂದಳು.

ನನ್ನಿಂದಲೇ ಗೆದ್ದಳು ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಮೊದಲ ಆಟವನ್ನು ಅವಳು ಅರವತ್ತರಲ್ಲೇ ಗೆದ್ದಿದ್ದಳಲ್ಲ. ಅದನ್ನು ನಾನು ಸಾಮಾನ್ಯವಾಗಿ ಹೇಳುವುದಿಲ್ಲ.

ಈಗ ನನಗೆ ವಯಸ್ಸಾಗಿದೆ. ಪರದೆಯಲ್ಲಿ ಎರಡು ಬಿಳಿ ಚುಕ್ಕೆ. ಗುಜರಿಗೆ ಹೊರಟಿದ್ದ ನನ್ನನ್ನು ಫಕೀರಪ್ಪ ಕೇಳಿ ಪಡೆದು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರಿಸಿದ. ತಾಸಿಗೊಮ್ಮೆ ಬದಲಾಗುವ ವೇಳಾಪಟ್ಟಿ ತೋರಿಸುವ ಕೆಲಸ.

ಮೊನ್ನೆ ಸುವರ್ಣಾ ಹುಬ್ಬಳ್ಳಿ ಬಸ್ಸಿಗೆ ಬಂದಿದ್ದಳು, ಕೊರಳಲ್ಲಿ ಹೆಡ್‌ಫೋನು. ನನ್ನ ಮೇಲೆ ಮೌಸಿನ ಬಾಣದ ಗುರುತು ಹರಿದಾಡಿದ್ದನ್ನು ನೋಡಿ ನಿಂತಳು.

"ಅಣ್ಣಾರ, ಇದು ಅರವತ್ತರಾಗ ಐತ್ರಿ. ಸೆಟ್ಟಿಂಗ್ ಬದಲಿ ಮಾಡ್ಲಿ?"

"ಮಾಡಿದ್ರ ಬಸ್ ಲಗೂ ಬರ್ತಾವೇನವಾ?" ಎಂದ ಕಿಟಕಿಯೊಳಗಿನವನು.

"ಬಸ್ಸಿಗಲ್ರಿ. ಅದಕ್ಕ."

ರೋಣದ ಬಸ್ಸು ನಾಲ್ಕೂಕಾಲಿಗೆ. ಇದನ್ನೀಗ ನಾನು ಸೆಕೆಂಡಿಗೆ ನೂರಾ ನಲವತ್ನಾಲ್ಕು ಸಲ ಹೊಸದಾಗಿ ಬರೆಯುತ್ತೇನೆ. ಬಸ್ಸು ಮಾತ್ರ ಅರವತ್ತರಲ್ಲೇ ಬರುತ್ತದೆ.