ಪ್ರಸೀದಾ ಇಲ್ಲದ ಊಟ

ಲಿಫ್ಟಿನಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಜಾಗವಿತ್ತು. ಲಿಜಿನ್ ಬಾಗಿಲಿಗೆ ಕೈ ಅಡ್ಡ ಹಿಡಿದು "ಬನ್ನಿ ಮೇಡಂ" ಅಂದುಬಿಟ್ಟ. ಅಂದ ಮೇಲೆ ಅವನಿಗೇ ನೆನಪಾಗಿ ಕೈ ಹಿಂದಕ್ಕೆಳೆದುಕೊಂಡ. ಒಳಗೆ ಯಾರೋ ಕಿಸಕ್ಕೆಂದರು.

"ನಾನು ಕೆಳಗೆ ಬರ್ತಿಲ್ಲ, ನೀವು ಹೋಗಿ," ಎಂದಳು ಪ್ರಸೀದಾ. ಲಿಫ್ಟಿನ ಮುಂದೆ ನಿಂತದ್ದಕ್ಕೆ ಏನಾದರೊಂದು ಕಾರಣ ಬೇಕಿತ್ತು. ಪಕ್ಕದ ನೀರಿನ ಯಂತ್ರದ ಹತ್ತಿರ ಹೋಗಿ ಬಾಟಲಿ ಹಿಡಿದಳು. ಬಾಟಲಿ ಆಗಲೇ ತುಂಬಿತ್ತು. ನೀರು ಕೈಮೇಲೆ ಹರಿದು ಚೂಡಿದಾರದ ತೋಳು ಒದ್ದೆಯಾಯಿತು. ಅಷ್ಟರಲ್ಲಿ ಬಾಗಿಲು ಮುಚ್ಚಿತು.

ಅವಳ ಟೀಮಿನ ಏಳೂ ಜನ ಕೋಶಿ ಸರ್ ಜೊತೆ ಊಟಕ್ಕೆ ಹೊರಟಿದ್ದರು. ಕೋಶಿ ವರ್ಗೀಸ್ ಕಾಕ್ಕನಾಡಿನ ಆ ಆಫೀಸಿಗೆ ಮುಖ್ಯಸ್ಥರು, ಪ್ರಸೀದಾಳ ಮೇಲಧಿಕಾರಿ. ನಡುವಿನ ಮ್ಯಾನೇಜರನ್ನು ಬಿಟ್ಟು, ಅವರ ಕೈಕೆಳಗಿನವರನ್ನು ಮಾತ್ರ ಊಟಕ್ಕೆ ಕರೆದೊಯ್ದು, ನಿಮ್ಮ ಮ್ಯಾನೇಜರ್ ಹೇಗೆ ಎಂದು ಕೇಳುವುದು ಕಂಪನಿಯಲ್ಲಿದ್ದ ಪದ್ಧತಿ. ಸ್ಕಿಪ್ ಲಂಚ್ ಎನ್ನುತ್ತಿದ್ದರು. ಬೇರೆ ಟೀಮುಗಳಲ್ಲಿ ಅದು ವರ್ಷಕ್ಕೊಮ್ಮೆ ನಡೆದು, ಬಿರಿಯಾನಿ ಹೇಗಿತ್ತು ಎಂಬ ಮಾತಿನೊಂದಿಗೆ ಮುಗಿದುಹೋಗುತ್ತಿತ್ತು. ಈ ಸಲದ್ದು ಹಾಗಿರಲಿಲ್ಲ. ಓಣಂ ಕಳೆದ ಮೇಲೆ ಅವಳ ಟೀಮಿನಿಂದ ಮೂವರು ಕೆಲಸ ಬಿಟ್ಟಿದ್ದರು. ಮೊನ್ನೆ ಕೋಶಿ ಅವಳನ್ನು ಕರೆದು ಸುತ್ತಿಬಳಸದೆ ಹೇಳಿದ್ದರು:

"ಹುಡುಗರು ಕಂಪನಿ ಬಿಟ್ಟು ಹೋಗ್ತಿದಾರೋ, ನಿನ್ನನ್ನ ಬಿಟ್ಟು ಹೋಗ್ತಿದಾರೋ ನಂಗೆ ಗೊತ್ತಾಗ್ಬೇಕು. ನಿನ್ನಿಂದಾನೆ ಅಂತಾದ್ರೆ ಮುಂದಿನ ತಿಂಗಳಿಂದ ಟೀಮು ಚೆನ್ನೈ ಸೆಲ್ವಕುಮಾರ್‌ಗೆ. ನೀನು ಆಡಿಟ್‌ಗೆ."

ಆಡಿಟ್ ಎಂದರೆ ಎರಡನೇ ಮಹಡಿಯ ಮೂಲೆಯಲ್ಲಿ ಒಂದು ಕುರ್ಚಿ. ಸಂಬಳ ಅಷ್ಟೇ ಬರುತ್ತದೆ, ಮುಂದೆ ಏರುವುದಿಲ್ಲ. ಅಲ್ಲಿಗೆ ಹೋದವರು ಸ್ವಲ್ಪ ಕಾಲದಲ್ಲೇ ತಾವಾಗಿ ರಾಜೀನಾಮೆ ಕೊಡುತ್ತಾರೆ. ಕೊಡಲಿ ಎಂದೇ ಅಲ್ಲಿಗೆ ಕಳಿಸುವುದು. ಪ್ರಸೀದಾಳಿಗೆ ನಲವತ್ತಾಗುತ್ತ ಬಂದಿತ್ತು. ಕಾಲೇಜು ಮುಗಿಸಿ ನೇರ ಈ ಕಂಪನಿಗೆ ಸೇರಿದವಳು. ಗಂಡ ಪಾಲಕ್ಕಾಡಿನ ಬ್ಯಾಂಕಿನಲ್ಲಿದ್ದ. ಮಗಳು ಅವನ ಜೊತೆ, ಅತ್ತೆಯ ಆರೈಕೆಯಲ್ಲಿ. ಶನಿವಾರ ಅವಳು ಅಲ್ಲಿಗೆ ಹೋಗುತ್ತಿದ್ದಳು. ಉಳಿದ ದಿನವೆಲ್ಲ ಈ ಆಫೀಸು, ಮತ್ತು ತೃಕ್ಕಾಕ್ಕರದಲ್ಲಿ ಒಂದು ಬಾಡಿಗೆ ಫ್ಲ್ಯಾಟು.

ಕ್ಯಾಂಟೀನಿನಲ್ಲಿ ಕುಚ್ಚಲಕ್ಕಿ ಅನ್ನ, ಮಜ್ಜಿಗೆ ಹುಳಿ, ಹುರಿದ ಮತ್ತಿ ಮೀನು ಹಾಕಿಸಿಕೊಂಡು ಕಿಟಕಿಯ ಪಕ್ಕ ಕೂತಳು. ಒಬ್ಬಳೇ ಉಣ್ಣುವುದು ಹೊಸದೇನಲ್ಲ. ಮ್ಯಾನೇಜರ್ ಆಗುವ ಮೊದಲು ಅವಳೂ ಎಲ್ಲರ ಜೊತೆ ಡಬ್ಬಿ ಬಿಚ್ಚುತ್ತಿದ್ದಳು. ಯಾರ ಡಬ್ಬಿಗೆ ಯಾರ ಕೈ ಎಂಬ ಲೆಕ್ಕವಿರಲಿಲ್ಲ. ಕಿರಿಯರೆಲ್ಲ ಆಗ ಅವಳನ್ನು ಚೇಚಿ ಎನ್ನುತ್ತಿದ್ದರು, ಅಕ್ಕ ಎಂದ ಹಾಗೆ. ಬಡ್ತಿ ಸಿಕ್ಕಿದ ವಾರ ಅವಳು ಯೋಚಿಸಿದಳು: ವರ್ಷದ ಕೊನೆಗೆ ಇವರಿಗೆಲ್ಲ ಅಂಕ ಹಾಕಬೇಕಾದವಳು ನಾನು, ಒಬ್ಬಳ ಡಬ್ಬಿಯ ಕಡಲೆ ಪಲ್ಯ ತಿಂದು ಇನ್ನೊಬ್ಬನಿಗೆ ಕಡಿಮೆ ಹಾಕಿದರೆ ಏನಂದುಕೊಂಡಾರು? ಊಟದ ಹೊತ್ತನ್ನು ತಡ ಮಾಡಿಕೊಂಡಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಯಾಕೆ ಹಾಗೆ ಮಾಡಿದೆ ಎಂದೂ ಯಾರೂ ಕೇಳಲಿಲ್ಲ. ಸ್ವಲ್ಪ ದಿನದಲ್ಲಿ ಚೇಚಿ ಹೋಗಿ ಮೇಡಂ ಬಂತು.

ಈಗ ಅವಳು ಮೀನಿನ ಮುಳ್ಳು ಬಿಡಿಸುತ್ತ ಅವರು ಏನೇನು ಹೇಳಬಹುದು ಎಂದು ಒಂದೊಂದೇ ನೆನೆಸಿಕೊಂಡಳು. ಲಿಜಿನ್‌ನ ಅಜ್ಜಿ ತೀರಿಕೊಂಡ ದಿನ ಡೆನ್ಮಾರ್ಕಿನ ಗಿರಾಕಿಗೆ ಸಾಫ್ಟ್‌ವೇರ್ ಒಪ್ಪಿಸಬೇಕಿತ್ತು. ಸ್ವಲ್ಪ ಹೊತ್ತು ಫೋನಿನಲ್ಲಿ ಸಿಗಲು ಆಗುತ್ತದಾ ಎಂದು ಕೇಳಿದ್ದಳು. ಕೇಳಿದ್ದಳು ಅಷ್ಟೆ. ಅವನು ಚರ್ಚಿನ ಹೊರಗೆ ಕಾರಿನಲ್ಲಿ ಕೂತು ಮಧ್ಯಾಹ್ನವಿಡೀ ಮಾತಾಡಿದ್ದ. ಮಾತಿನ ನಡುವೆ ಸಾವಿನ ಗಂಟೆ ಹೊಡೆದದ್ದು ಫೋನಿನಲ್ಲಿದ್ದ ಎಲ್ಲರಿಗೂ ಕೇಳಿಸಿತ್ತು. ಹರತಾಳದ ಹಿಂದಿನ ಸಂಜೆ ಯಾರನ್ನೂ ಮನೆಗೆ ಬಿಡದೆ ಆಫೀಸಿನಲ್ಲೇ ಉಳಿಸಿಕೊಂಡದ್ದು ಇನ್ನೊಂದು. ಅವರೆಲ್ಲ ಮೀಟಿಂಗ್ ರೂಮಿನ ಕಾರ್ಪೆಟ್ಟಿನ ಮೇಲೆ ಉರುಳಿಕೊಂಡು ಹಾಡು ಹೇಳುತ್ತಿದ್ದರು. ಅವಳೂ ಉಳಿದಿದ್ದಳು, ಆದರೆ ಅದೇ ಮಹಡಿಯ ಆಚೆ ತುದಿಯ ಹೆಂಗಸರ ವಿಶ್ರಾಂತಿ ಕೋಣೆಯಲ್ಲಿ.

ಹೇಳಬಹುದಾದ ಒಳ್ಳೆಯದೂ ಇತ್ತು. ಒಮ್ಮೆ ಹುಡುಗರ ಕೈಯಲ್ಲಿ ಕೆಲಸ ಕೆಟ್ಟಾಗ ಗಿರಾಕಿಯ ಎದುರು ತಪ್ಪೆಲ್ಲ ನನ್ನದು ಎಂದು ಒಪ್ಪಿಕೊಂಡಿದ್ದಳು. ಟೀಮಿನ ಷಮ್ನಾ ರಂಜಾನಿನ ನೋಂಬು ಹಿಡಿದ ತಿಂಗಳು, ಅವಳು ಉಪವಾಸ ಬಿಡುವ ಹೊತ್ತಿಗೆ ಸರಿಯಾಗಿ ಬರುತ್ತಿದ್ದ ಗಿರಾಕಿಯ ಕರೆಯನ್ನು ಜಗಳ ಮಾಡಿ ಮುಂದಕ್ಕೆ ಹಾಕಿಸಿದ್ದಳು. ಹೇಳಿಕೊಂಡು ತಿರುಗುವುದು ಸರಿಯಲ್ಲ ಎಂದು ಎರಡನ್ನೂ ಯಾರಿಗೂ ಹೇಳಿರಲಿಲ್ಲ. ಹಾಗಾಗಿ ಅವು ಅಲ್ಲಿ ಬರುವ ಸಂಭವವಿರಲಿಲ್ಲ.

ಊಟಕ್ಕೆ ಹೋದವರು ಮೂರರ ನಂತರ ಬಂದರು. ಲಿಫ್ಟಿನಿಂದ ಇಳಿಯುವಾಗ ಜೋರಾಗಿ ನಗುತ್ತಿದ್ದವರು ಅವಳ ಮೇಜು ಕಂಡ ತಕ್ಷಣ ದನಿ ತಗ್ಗಿಸಿದರು. ಎಲ್ಲರ ಬಟ್ಟೆಯಿಂದಲೂ ಬಿರಿಯಾನಿಯ ವಾಸನೆ. ಯಾರೂ ಅವಳ ಕಡೆ ನೋಡಲಿಲ್ಲ. ಒಟ್ಟಿಗೆ ಪರದೆಗಳಿಗೆ ಮುಖ ಕೊಟ್ಟು ಕೂತರು. ಆಯಿತು, ಟೀಮು ಹೋಯಿತು ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಕೋಶಿಯ ಕರೆ ಬಂತು.

ಕೋಶಿ ಕುರ್ಚಿಯಲ್ಲಿ ಒರಗಿ ಬೆಲ್ಟು ಸಡಿಲ ಮಾಡಿಕೊಂಡಿದ್ದರು. "ಕೂತ್ಕೋ. ಏಳು ಜನಾನೂ ನಿನ್ನ ಪರ."

ಪ್ರಸೀದಾ ಕೂತಳು.

"ಮೊದ್ಲು ಆ ಲಿಜಿನ್ ಅಂದ, ಮೇಡಂ ಬಾಗಿಲು ಯಾವಾಗ್ಲೂ ತೆಗ್ದೇ ಇರುತ್ತೆ, ಯಾವಾಗ ಬೇಕಾದ್ರೂ ಹೋಗಿ ಮಾತಾಡ್ಬಹುದು ಸರ್ ಅಂತ. ಸರಿ, ಒಳ್ಳೇ ಮಾತು. ಎರಡನೆಯವಳೂ ಅದೇ ಅಂದ್ಲು, ಬಾಗಿಲು ತೆಗ್ದೇ ಇರುತ್ತೆ. ಮೂರನೆಯವನು ಬಾಯಿ ಬಿಡೋಕೆ ಮುಂಚೆ ನಾನೇ ಕೇಳ್ದೆ, ಬಾಗಿಲು ತಾನೆ? ಹೌದು ಸರ್ ಅಂದ."

"ನಂಗೆ ಬಾಗಿಲೇ ಇಲ್ಲ ಸರ್."

"ಗೊತ್ತಮ್ಮ. ಆ ನೀಲಿ ಹಲಗೆಗಳ ಮಧ್ಯೆ ನಿನ್ನನ್ನ ಕೂರಿಸಿದ್ದು ನಾನೇ ಅಲ್ವಾ." ಕೋಶಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು, "ನೀನು ಹೇಳಿಕೊಟ್ಟಿದ್ದಾ?"

"ಇಲ್ಲ ಸರ್."

"ಅಲ್ಲ ಅಂತ ನಂಗೂ ಅನ್ನಿಸ್ತು. ನೀನಾಗಿದ್ರೆ ಏಳು ಜನಕ್ಕೆ ಏಳು ಬೇರೆ ಬೇರೆ ಮಾತು ಹೇಳಿಕೊಡ್ತಿದ್ದೆ." ಅವರು ಲೋಟದ ನೀರು ಕುಡಿದರು. "ಹಳೇ ಮ್ಯಾನೇಜರ್ ಬಿಜು ಹೆಂಗಿದ್ದ ಅಂತ ಸುಮ್ನೆ ಕೇಳ್ದೆ. ತಗೋ, ಬಾಯಿಗೆ ಬೀಗಾನೇ ಇಲ್ಲ! ಅವನು ಇವತ್ತಿಗೂ ಇವರಿಗೆ ಚೇಟ್ಟನ್, ಅಣ್ಣ. ಬಿಜು ಚೇಟ್ಟನ್ ಕೀಬೋರ್ಡ್ ಎಸೆದಿದ್ದು, ಬಿಜು ಚೇಟ್ಟನ್ ಇನ್ನೊಬ್ಬರ ಡಬ್ಬಿಯಿಂದ ಕೋಳಿ ಕಾಲು ಕದ್ದಿದ್ದು. ಅವನ ಹತ್ರ ಬೈಸಿಕೊಳ್ಳದವರು ಒಬ್ರಿಲ್ಲ, ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಸರಿ, ನಿಮ್ಮ ಪ್ರಸೀದಾ ಮೇಡಂದು ಒಂದು ಹೇಳ್ರಪ್ಪಾ, ಬೈದಿದ್ದಾದ್ರೂ ಪರವಾಗಿಲ್ಲ, ಒಂದೇ ಒಂದು ಹೇಳಿ ಅಂದೆ. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಅಷ್ಟರಲ್ಲಿ ಐಸ್‌ಕ್ರೀಮ್ ಬಂತು."

ಗಾಜಿನ ಗೋಡೆಯಾಚೆ ಯಾರೋ ಕಾಗದದ ಕಟ್ಟು ಹೊತ್ತು ಹೋದರು. ಅವರು ಮರೆಯಾಗುವ ತನಕ ಪ್ರಸೀದಾ ಅತ್ತಲೇ ನೋಡುತ್ತಿದ್ದಳು.

"ಟೀಮು ನಿನ್ನ ಹತ್ರಾನೇ ಇರ್ಲಿ," ಎಂದರು ಕೋಶಿ. "ಏಳು ಜನ ಒಂದೇ ಬಾಯಲ್ಲಿ ಹೇಳಿದ್ಮೇಲೆ ನಾನೇನು ಮಾಡೋಕಾಗುತ್ತೆ? ಅವರು ಹೇಳಿದ ಹಾಗೇ ಬರೀತೀನಿ. ಬೇರೇನಾದ್ರೂ ಬರೀಬೇಕಾ?"

ಅವಳು ಬಾಯಿ ತೆರೆದಳು. ನಂತರ "ಬೇಡ ಸರ್" ಎಂದಳು.

ಹೆಂಗಸರ ಶೌಚಾಲಯದ ಕನ್ನಡಿಯ ಮುಂದೆ ಷಮ್ನಾ ತಲೆಯ ಶಾಲು ಸರಿಮಾಡಿಕೊಳ್ಳುತ್ತಿದ್ದಳು. ಮಲಪ್ಪುರದ ಹುಡುಗಿ, ಮಾತು ನೇರ. ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡಿದ್ದಳು. ಪ್ರಸೀದಾ ಪಕ್ಕದ ನಲ್ಲಿ ತಿರುಗಿಸಿ ಕೇಳಿದಳು:

"ಬಾಗಿಲಿನ ಮಾತು ಯಾರದ್ದು?"

ಷಮ್ನಾ ಪಿನ್ನು ತೆಗೆದಳು. "ಸರ್ ಹೇಳೇಬಿಟ್ರಾ? ಎಲ್ರೂ ಬೇರೆ ಬೇರೆ ಹೇಳ್ಬೇಕು ಅಂತಾನೇ ಮಾತಾಗಿತ್ತು ಮೇಡಂ. ಬಾಗಿಲು ನನ್ನದು. ಆ ಕತ್ತೆ ಲಿಜಿನ್ ತನ್ನದು ಮರೆತು ನಂದು ಹೇಳ್ಬಿಟ್ಟ. ಮಿಕ್ಕವರೆಲ್ಲ ಅವನ ಹಿಂದೇನೇ ಹೋದ್ರು, ಕುರಿಗಳ ಥರ."

"ಯಾಕೆ ಹೇಳೋಕೆ ಹೋದ್ರಿ?"

"ಇಲ್ಲಾಂದ್ರೆ ಸೆಲ್ವಕುಮಾರ್ ಬರ್ತಾನಂತಲ್ಲ! ಬೆಳಗ್ಗೆ ಏಳಕ್ಕೇ ಎಲ್ಲರ ಮುಖಾನೂ ಸ್ಕ್ರೀನ್ ಮೇಲೆ ಕಾಣ್ಬೇಕಂತೆ ಆ ಮಹಾನುಭಾವನಿಗೆ. ಆ ಹೊತ್ತಲ್ಲಿ ನಾನು ಒಂದು ಕೈಲಿ ದೋಸೆ ಹಾಕ್ತಾ ಇನ್ನೊಂದು ಕೈಲಿ ಮಗೂಗೆ ಚಡ್ಡಿ ಹಾಕ್ತಿರ್ತೀನಿ. ನನ್ನ ಮುಖ ನೋಡಿದ್ರೆ ಅವನೇ ರಾಜೀನಾಮೆ ಕೊಟ್ಟಾನು."

ಪ್ರಸೀದಾಳಿಗೆ ನಗು ಬಂತು. ಷಮ್ನಾಳೂ ನಕ್ಕಳು. ಒಂದು ಗಳಿಗೆ ಇಬ್ಬರೂ ಕನ್ನಡಿಯಲ್ಲಿ ನಗುತ್ತಿರುವುದು ಕಾಣಿಸಿತು.

"ಒಂದು ಘಟನೆ ಹೇಳಿ ಅಂತ ಕೇಳಿದ್ರಂತೆ," ಎಂದಳು ಪ್ರಸೀದಾ.

ಷಮ್ನಾ ಪಿನ್ನು ಚುಚ್ಚುವುದರಲ್ಲಿ ತೊಡಗಿದಳು. "ತಪ್ಪು ತಿಳ್ಕೋಬೇಡಿ ಮೇಡಂ. ನೀವು ಕೆಟ್ಟವರಲ್ಲ. ನಿನ್ನೆ ನಾವು ಕೂತು ಯೋಚ್ನೆ ಮಾಡಿದ್ವಿ, ಒಂದು ಕಥೆ ಬೇಕಲ್ಲ ಅಂತ. ಲಿಜಿನ್ ಅಜ್ಜಿದು ನೆನಪಾಯ್ತು, ಅದು ಹೇಳೋ ಹಾಗಿಲ್ಲ. ಬೇರೆ... ಸಿಗ್ಲಿಲ್ಲ. ನಿಮ್ಗೆ ಮೀನು ಇಷ್ಟಾನಾ ಬೀಫ್ ಇಷ್ಟಾನಾ ಅಂತಾನೂ ನಮ್ಗೆ ಗೊತ್ತಿಲ್ಲ."

"ಹೋದ ವರ್ಷ ನಿನ್ನ ನೋಂಬಿನ ತಿಂಗಳಲ್ಲಿ..." ಎಂದು ಪ್ರಸೀದಾ ಶುರುಮಾಡಿದಳು.

"ಹ್ಞಾಂ, ನೋಂಬಿನಲ್ಲಿ?"

ಈಗ ಹೇಳಿದರೆ ಬಾಕಿ ವಸೂಲಿಗೆ ಬಂದ ಹಾಗಾಗುತ್ತದೆ ಎನ್ನಿಸಿತು. "ಏನಿಲ್ಲ," ಎಂದು ನಲ್ಲಿ ನಿಲ್ಲಿಸಿದಳು.

ಸಂಜೆ ಐದಕ್ಕೆ ಏಳೂ ಜನ ಚಹಾಕ್ಕೆಂದು ಎದ್ದರು. ಪ್ರಸೀದಾ ಅವರ ಜೊತೆಗೇ ಎದ್ದು ಕೈಚೀಲ ಹೆಗಲಿಗೆ ಹಾಕಿಕೊಂಡಳು. "ನಾನೂ ಬರ್ತೀನಿ."

ಮುಂದಿದ್ದವರು ನಿಂತು ತಿರುಗಿ ನೋಡಿದರು. ನಂತರ ಲಿಜಿನ್ "ಓ, ಬನ್ನಿ ಬನ್ನಿ ಮೇಡಂ" ಎಂದ, ಮನೆಗೆ ನೆಂಟರು ಬಂದಾಗಿನ ದನಿಯಲ್ಲಿ.

ಗೇಟಿನಾಚೆ, ಬಸ್ ನಿಲ್ದಾಣದ ಪಕ್ಕ ಒಂದು ಗಾಡಿ ಅಂಗಡಿಯಿತ್ತು. ದಿನಾ ಅದರ ಮುಂದೆಯೇ ಅವಳ ಬಸ್ಸು ಹೋಗುತ್ತಿತ್ತು, ಒಂದು ದಿನವೂ ಅಲ್ಲಿ ನಿಂತವಳಲ್ಲ. ಅಂಗಡಿಯ ರಾಘವೇಟ್ಟನ್ ಬಾಣಲೆಯಿಂದ ಬಾಳೆಹಣ್ಣಿನ ಬಜ್ಜಿ ಎತ್ತುತ್ತ ಅವಳನ್ನು ನೋಡಿ ಕೇಳಿದ:

"ಇವರು ಹೊಸದಾಗಿ ಸೇರಿದ್ರಾ?"

ಯಾರೋ ಕೆಮ್ಮಿದರು. "ನಮ್ಮ ಮೇಡಂ, ರಾಘವೇಟ್ಟಾ!" ಎಂದು ಲಿಜಿನ್ ಹಲ್ಲು ಕಚ್ಚಿ ಹೇಳಿದ. ರಾಘವೇಟ್ಟನ್ ತಡಬಡಿಸಿ ಅಲ್ಲಿದ್ದ ಒಂದೇ ಸ್ಟೂಲನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿ ಮುಂದಿಟ್ಟ.

"ಬೇಡ, ನಿಂತ್ಕೋತೀನಿ," ಎಂದಳು ಪ್ರಸೀದಾ.

"ಅಯ್ಯೋ, ಕೂತ್ಕೊಳ್ಳಿ ಮೇಡಂ," ಎಂದು ಎಲ್ಲರೂ ಒಟ್ಟಿಗೆ ಹೇಳಿದರು.

ಕೂತಳು. ಅವರು ಸುತ್ತ ನಿಂತರು. ಕೂತ ಮೇಲೆ ಯಾರ ಮುಖ ನೋಡಬೇಕಾದರೂ ಕತ್ತೆತ್ತಬೇಕಿತ್ತು. ಅವಳ ಕೈಗೇ ಮೊದಲು ಚಹಾ ಬಂತು.

"ಬಿರಿಯಾನಿ ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಮೇಡಂ."

"ಅನ್ನ ಸ್ವಲ್ಪ ಮೆತ್ತಗಾಗಿತ್ತು ಮೇಡಂ," ಎಂದಳೊಬ್ಬಳು, ಬಜೆಟ್ಟಿನ ಬಗ್ಗೆ ಅಭಿಪ್ರಾಯ ಕೇಳಿದ ಹಾಗೆ.

ಆಟೋ ಒಂದು ಹೊಗೆ ಬಿಟ್ಟುಕೊಂಡು ಹೋಯಿತು. ಎಲ್ಲರೂ ಅದು ತಿರುಗುವ ತನಕ ನೋಡಿದರು.

"ನಂಗೆ ಮೀನೇ ಇಷ್ಟ," ಎಂದಳು ಪ್ರಸೀದಾ.

ಯಾಕೆ ಈ ಮಾತು ಎಂದು ಷಮ್ನಾ ಬಿಟ್ಟು ಯಾರಿಗೂ ತಿಳಿಯಲಿಲ್ಲ. "ಹೌದಾ ಮೇಡಂ?" ಎಂದ ಲಿಜಿನ್ ವಿನಯದಿಂದ. ಷಮ್ನಾ ತನ್ನ ಚಪ್ಪಲಿಯ ತುದಿ ನೋಡುತ್ತಿದ್ದಳು.

"ಮತ್ತಿ," ಎಂದಳು ಪ್ರಸೀದಾ. "ಹುರಿದದ್ದು."

"ಮತ್ತಿ ಒಳ್ಳೇದು ಮೇಡಂ," ಎಂದ ಇನ್ನೊಬ್ಬ. "ಹಾರ್ಟಿಗೆ."

ಅವರು ಚಹಾವನ್ನು ಬೇಗಬೇಗ ಕುಡಿದು ಮುಗಿಸಿದರು. ಆದರೆ ಯಾರೂ ಗ್ಲಾಸನ್ನು ಹಲಗೆಯ ಮೇಲಿಡಲಿಲ್ಲ, ಯಾರೂ ಹೊರಡಲಿಲ್ಲ. ಅವಳ ಗ್ಲಾಸು ಇನ್ನೂ ಮುಕ್ಕಾಲು ತುಂಬಿತ್ತು, ಬೆರಳು ಸುಡುವಷ್ಟು ಬಿಸಿ. ಏಳು ಜನ ಖಾಲಿ ಗ್ಲಾಸು ಹಿಡಿದು, ರಸ್ತೆಯ ಕಡೆ ನೋಡುತ್ತ, ಮೇಡಂ ಕುಡಿದು ಮುಗಿಸಲಿ ಎಂದು ಕಾದು ನಿಂತರು. ಪ್ರಸೀದಾ ಊದಿ ಊದಿ ಆದಷ್ಟು ಬೇಗ ಕುಡಿಯತೊಡಗಿದಳು.