ಟವರ್ ಬೇಡವೆಂದವನು

ಮೂಗೂರಿನಾಚೆಯ ಆ ಊರಿಗೆ ಫೋನ್ ಸಿಗ್ನಲ್ ಯಾಕಿಲ್ಲವೆಂದು ವಿಚಾರಿಸಲು ಟೆಲಿಕಾಂ ಅಧಿಕಾರಿ ಶಾಲಿನಿ ಬಂದಿದ್ದರು. ಲೈಸೆನ್ಸ್ ಪಡೆದ ಕಂಪನಿ ಎಲ್ಲ ಹಳ್ಳಿಗೂ ನೆಟ್‌ವರ್ಕ್ ಕೊಡಲೇಬೇಕಿತ್ತು.

“ಟವರ್ ಹಾಕಲು ಬಂದರೆ ಊರವರೇ ತಡೆದರು ಅಂತಾರೆ ಕಂಪನಿಯವರು. ಯಾರು ತಡೆದದ್ದು?”

ಜಗಲಿಯಲ್ಲಿ ಕೂತಿದ್ದ ಶಿವಸ್ವಾಮಿ ತಲೆ ತಗ್ಗಿಸಿದ. ಮನೆ ಪಕ್ಕ ಟವರ್ ಬಂದರೆ ಕಾಯಿಲೆ ಬರುತ್ತದೆಂದು ಹೆದರಿ ಕಂಪನಿಯವರನ್ನು ಅಟ್ಟಿದವನು ಅವನೇ. ಆಮೇಲೆ ಅದೇ ಊರಿನ ಗೋವಿಂದಮ್ಮನ ಸೊಸೆಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸಿಗೆ ಫೋನ್ ಹೋಗಲಿಲ್ಲ. ಗೂಡ್ಸ್ ಆಟೋದಲ್ಲೇ ಹೆರಿಗೆಯಾಗಿ ಕೂಸು ಉಳಿಯಲಿಲ್ಲ.

ಅಲ್ಲೇ ಕೂತಿದ್ದ ಗೋವಿಂದಮ್ಮ ಅವನತ್ತ ನೋಡದೆ ಅಂದಳು: “ಯಾರೋ ಏನೋ ಕಣವ್ವ, ಅದ್ಯಾಕೀಗ? ಟವರ್ ಆಕ್ಸಿ, ಸಾಕು.”

ಶಿವಸ್ವಾಮಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಶಾಲಿನಿ ಹೊರಟಾಗ ಹಿಂದೆಯೇ ಓಡಿದ.

“ನಮ್ಮನೆ ಇತ್ತಲಲ್ಲೇ ಟವರ್‌ಗೆ ಜಾಗ ಅದೆ, ಮೇಡಂ.”

ತಡೆದವನು ತಾನೇ ಎನ್ನಲು ಮಾತ್ರ ಅವನಿಗೆ ಬಾಯಿ ಬರಲಿಲ್ಲ.